ನಾಲ್ಕು ವರ್ಗಗಳು, ಆರು ದಾರಿಗಳು: ಗ್ರಾಫ್ ಸಿದ್ಧಾಂತ ಮತ್ತು ವಿಶೇಷ ಫಲನಗಳ ನಂಟು

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಸಾಹಿತ್ಯಕ್ಕೆ, ಇತಿಹಾಸಕ್ಕೆ, ಜಾನಪದಕ್ಕೆ ನಮ್ಮಲ್ಲಿ ದತ್ತಿಗಳು ಹಲವಿವೆ. ಗಣಿತದ ಹೆಸರಿನಲ್ಲಿ ಹಣ ಇರಿಸಿ, ಆ ಬಡ್ಡಿಯಿಂದ ಸಾರ್ವಜನಿಕರೆದುರು ಕನ್ನಡದಲ್ಲಿ ಗಣಿತದ ಮಾತು ನಡೆಯಲಿ ಎಂದು ಬಯಸಿದವರ ದೊಡ್ಡ ಮನಸ್ಸಿಗೆ ಮೊದಲು ವಂದಿಸುತ್ತೇನೆ.

ನಮ್ಮ ವಿಶ್ವವಿದ್ಯಾಲಯಗಳ ಗಣಿತ ವಿಭಾಗಗಳಲ್ಲಿ ನಡೆಯುವ ವಿಚಾರ ಸಂಕಿರಣಗಳ ಕಾರ್ಯಕ್ರಮ ಪಟ್ಟಿಯನ್ನು ತೆಗೆದು ನೋಡಿದರೆ ಎರಡು ವಿಷಯಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಒಂದು ಗ್ರಾಫ್ ಸಿದ್ಧಾಂತ, ಇನ್ನೊಂದು ವಿಶೇಷ ಫಲನಗಳು. ಮೊದಲನೆಯದು ಬಿಂದುಗಳನ್ನೂ ಅವುಗಳನ್ನು ಕೂಡಿಸುವ ಗೆರೆಗಳನ್ನೂ ಎಣಿಸುವ ವಿದ್ಯೆ. ಎರಡನೆಯದು ಅನಂತ ಶ್ರೇಣಿಗಳನ್ನು, ಅವುಗಳ ನಡುವಿನ ಸಮೀಕರಣಗಳನ್ನು ಹುಡುಕುವ ವಿದ್ಯೆ. ಇವುಗಳ ಗೋಷ್ಠಿಗಳು ಸಾಮಾನ್ಯವಾಗಿ ಬೇರೆ ಬೇರೆ ಕೊಠಡಿಗಳಲ್ಲಿ ನಡೆಯುತ್ತವೆ. ಒಂದೇ ಕೊಠಡಿಯಲ್ಲಿ ನಡೆದರೂ ಒಂದು ಮುಗಿದು ಇನ್ನೊಂದು ಶುರುವಾಗುವಾಗ ಅರ್ಧ ಸಭೆ ಎದ್ದು ಹೋಗುತ್ತದೆ. ಹಾಗೆ ಎದ್ದು ಹೋಗಬೇಡಿ ಎಂದು ಕೇಳಿಕೊಳ್ಳುವುದಕ್ಕಾಗಿಯೇ ಈ ಉಪನ್ಯಾಸವನ್ನು ಸಿದ್ಧಪಡಿಸಿದ್ದೇನೆ. ಬರಿಯ ಕೋರಿಕೆಯಿಂದ ಪ್ರಯೋಜನವಿಲ್ಲ, ಕಾರಣ ಬೇಕು. ಒಂದು ಸಂಖ್ಯೆಯನ್ನು ನಾಲ್ಕು ವರ್ಗಗಳ ಮೊತ್ತವಾಗಿ ಬರೆಯುವ ಹಳೆಯ ಪ್ರಶ್ನೆಯೊಂದನ್ನು ಹಿಡಿದು, ಅದು ಈ ಎರಡೂ ವಿಷಯಗಳನ್ನು ಹೇಗೆ ಹೊಲಿದು ಒಂದು ಮಾಡಿದೆ ಎಂಬುದನ್ನು ತೋರಿಸುತ್ತೇನೆ. ಆ ಹೊಲಿಗೆಯ ಒಂದು ಎಳೆ ನಮ್ಮ ಮೈಸೂರಿನಲ್ಲೇ ನೂತದ್ದು.

1. ಒಂದೇ ಊರು

ಗ್ರಾಫ್ ಸಿದ್ಧಾಂತದ ಹುಟ್ಟನ್ನು ಎಲ್ಲ ಪಠ್ಯಪುಸ್ತಕಗಳೂ ಕೋನಿಗ್ಸ್‌ಬರ್ಗ್ ನಗರದಿಂದ ಆರಂಭಿಸುತ್ತವೆ. ಇಂದು ಅದು ರಷ್ಯಾದ ಕಲಿನಿನ್‌ಗ್ರಾಡ್. ಪ್ರೆಗೆಲ್ ನದಿ ಊರನ್ನು ನಾಲ್ಕು ಭೂಭಾಗಗಳಾಗಿ ಒಡೆದಿತ್ತು, ಅವುಗಳ ನಡುವೆ ಏಳು ಸೇತುವೆಗಳಿದ್ದವು. ಪ್ರತಿ ಸೇತುವೆಯನ್ನೂ ಒಮ್ಮೆ ಮಾತ್ರ ದಾಟಿ ಊರನ್ನೆಲ್ಲ ಸುತ್ತಿ ಬರಲು ಸಾಧ್ಯವೆ? ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿಯಲ್ಲಿದ್ದ ಲಿಯೊನಾರ್ಡ್ ಆಯ್ಲರ್ 1735ರಲ್ಲಿ ಸಾಧ್ಯವಿಲ್ಲ ಎಂದು ಸಾಧಿಸಿದರು. ಒಂದು ಭೂಭಾಗಕ್ಕೆ 5 ಸೇತುವೆ, ಉಳಿದ ಮೂರಕ್ಕೆ ತಲಾ 3. ನಾಲ್ಕೂ ಬೆಸ ಸಂಖ್ಯೆಗಳು. ನಡುವೆ ಸಿಗುವ ಭೂಭಾಗವನ್ನು ಒಂದು ಸೇತುವೆಯಿಂದ ಹೊಕ್ಕು ಇನ್ನೊಂದರಿಂದ ಹೊರಬೀಳಬೇಕಾದ್ದರಿಂದ ಅಲ್ಲಿಯ ಸೇತುವೆಗಳು ಜೋಡಿಯಾಗಿರಬೇಕು. ಬೆಸ ಇರಬಹುದಾದದ್ದು ಹೊರಟ ಜಾಗ ಮತ್ತು ತಲಪಿದ ಜಾಗ ಎರಡರಲ್ಲಿ ಮಾತ್ರ. ವಾದ ಇಷ್ಟೇ. ಇದರಲ್ಲಿ ಉದ್ದ, ಅಗಲ, ಕೋನ ಯಾವುದಕ್ಕೂ ಸ್ಥಾನವಿಲ್ಲ. ಯಾವುದು ಯಾವುದಕ್ಕೆ ಕೂಡಿಕೊಂಡಿದೆ ಎಂಬುದೊಂದೇ ಮುಖ್ಯ.

ಅದೇ ಆಯ್ಲರ್ ಅದಕ್ಕೂ ಮೊದಲೇ, 1729ರಲ್ಲಿ, ಗೋಲ್ಡ್‌ಬಾಕ್ ಅವರಿಗೆ ಬರೆದ ಪತ್ರದಲ್ಲಿ ಕ್ರಮಗುಣಿತವನ್ನು ಪೂರ್ಣಾಂಕಗಳಾಚೆಗೆ ವಿಸ್ತರಿಸಿದ್ದರು. ಮೂರರ ಕ್ರಮಗುಣಿತ 6, ನಾಲ್ಕರದು 24 ಎಂದು ನಮಗೆ ಗೊತ್ತು. ಅರ್ಧದ ಕ್ರಮಗುಣಿತ ಎಷ್ಟು? ಪೈನ ವರ್ಗಮೂಲದ ಅರ್ಧ ಎಂಬ ಉತ್ತರ ಬಂತು. ಇಂದು ನಾವು ಗ್ಯಾಮಾ ಫಲನ ಎನ್ನುವುದು ಇದನ್ನೇ. ವಿಶೇಷ ಫಲನಗಳ ಮನೆತನದಲ್ಲಿ ಇದು ಹಿರಿಯದು. ಸೈನ್, ಕೊಸೈನ್‌ಗಳ ಹಾಗೆ ಮತ್ತೆ ಮತ್ತೆ ಎದುರಾಗುವುದರಿಂದಲೇ ಹೆಸರು ಪಡೆದ ಫಲನಗಳು ಇವು: ಬೆಸೆಲ್, ಲೆಜಾಂಡ್ರ್, ಹರ್ಮೀಟ್, ಥೀಟಾ. ಎರಡೂ ವಿಷಯಗಳ ಮೂಲದಲ್ಲಿ ಒಬ್ಬರೇ ನಿಂತಿದ್ದಾರೆ ಎಂಬುದು ಗಮನಿಸಬೇಕಾದ ಮಾತು.

ಕೋನಿಗ್ಸ್‌ಬರ್ಗ್‌ನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸುಮಾರು ತೊಂಬತ್ತು ವರ್ಷಗಳ ನಂತರ ಅದೇ ಊರಿನ ವಿಶ್ವವಿದ್ಯಾಲಯಕ್ಕೆ ಕಾರ್ಲ್ ಯಾಕೋಬಿ ಎಂಬ ತರುಣ ಅಧ್ಯಾಪಕರಾಗಿ ಬಂದರು. ದೀರ್ಘವೃತ್ತೀಯ ಫಲನಗಳನ್ನು ಕುರಿತ ಅವರ ಮಹಾಗ್ರಂಥ 1829ರಲ್ಲಿ ಪ್ರಕಟವಾದದ್ದು ಕೋನಿಗ್ಸ್‌ಬರ್ಗ್‌ನಲ್ಲಿಯೇ. ಇಂದಿನ ನಮ್ಮ ಕಥೆಯ ಬೀಜ ಇರುವುದು ಆ ಗ್ರಂಥದ ಸೂತ್ರಗಳಲ್ಲಿ.

2. ನಾಲ್ಕು ವರ್ಗಗಳು

ಯಾವ ಸ್ವಾಭಾವಿಕ ಸಂಖ್ಯೆಯನ್ನಾದರೂ ನಾಲ್ಕು ವರ್ಗಗಳ ಮೊತ್ತವಾಗಿ ಬರೆಯಬಹುದು ಎಂದು 1770ರಲ್ಲಿ ಲಗ್ರಾಂಜ್ ಸಾಧಿಸಿದ್ದರು. ಉದಾಹರಣೆಗೆ 7 ಎಂದರೆ 4, 1, 1, 1. ಯಾಕೋಬಿಯವರ ಪ್ರಶ್ನೆ ಒಂದು ಹೆಜ್ಜೆ ಮುಂದಿನದು: ಎಷ್ಟು ವಿಧದಲ್ಲಿ ಬರೆಯಬಹುದು?

ಇದಕ್ಕೆ ಅವರು ಬಳಸಿದ ಸಾಧನ ಥೀಟಾ ಫಲನ. ಒಂದು ಚಲಾಕ್ಷರವನ್ನು ತೆಗೆದುಕೊಂಡು ಅದಕ್ಕೆ ‘ಕ’ ಎಂದು ಹೆಸರಿಡೋಣ. ಈ ಅನಂತ ಶ್ರೇಣಿಯನ್ನು ನೋಡಿ:

1 + 2ಕ + 2ಕ⁴ + 2ಕ⁹ + 2ಕ¹⁶ + …

ಇಲ್ಲಿ ಕಾಣುವ ಘಾತಗಳೆಲ್ಲ ವರ್ಗಸಂಖ್ಯೆಗಳು. ಪ್ರತಿಯೊಂದಕ್ಕೂ 2 ಏಕೆ ಬಂತೆಂದರೆ 9ನ್ನು 3ರ ವರ್ಗವಾಗಿಯೂ ಋಣ 3ರ ವರ್ಗವಾಗಿಯೂ ಪಡೆಯಬಹುದು. ಈಗ ಈ ಶ್ರೇಣಿಯನ್ನು ಅದರಿಂದಲೇ ಗುಣಿಸಿ ನಾಲ್ಕನೇ ಘಾತಕ್ಕೆ ಏರಿಸಿ. ಗುಣಿಸುವಾಗ ಘಾತಗಳು ಕೂಡುತ್ತವೆ. ಆದ್ದರಿಂದ ಕ⁵ರ ಸಹಗುಣಕ ಎಂದರೆ 5ನ್ನು ನಾಲ್ಕು ವರ್ಗಗಳ ಮೊತ್ತವಾಗಿ ಬರೆಯುವ ವಿಧಗಳ ಸಂಖ್ಯೆಯೇ. ಎಣಿಸುವ ಪ್ರಶ್ನೆ ಹೀಗೆ ಫಲನದ ಪ್ರಶ್ನೆಯಾಯಿತು. ಯಾಕೋಬಿ ಆ ನಾಲ್ಕನೇ ಘಾತಕ್ಕೆ ಬೇರೊಂದು ರೂಪ ಕಂಡುಕೊಂಡರು. ಅದರಿಂದ ಉತ್ತರ ತಾನಾಗಿ ಉದುರುತ್ತದೆ: ಬೆಸ ಅವಿಭಾಜ್ಯ ಸಂಖ್ಯೆಗೆ ಒಂದನ್ನು ಕೂಡಿಸಿ 8ರಿಂದ ಗುಣಿಸಿದರೆ ವಿಧಗಳ ಸಂಖ್ಯೆ ಸಿಗುತ್ತದೆ.

ಐದಕ್ಕೆ ಪರೀಕ್ಷಿಸೋಣ. 5 ಎಂದರೆ 4, 1, 0, 0. ನಾಲ್ಕು ಸ್ಥಾನಗಳಲ್ಲಿ 4 ಮತ್ತು 1ನ್ನು ಇರಿಸಲು 12 ವಿಧ. ಎರಡಕ್ಕೂ ಧನ, ಋಣ ಚಿಹ್ನೆಗಳ ಆಯ್ಕೆಯಿಂದ 4 ವಿಧ. ಒಟ್ಟು 48. ಸೂತ್ರ ಹೇಳುವುದು 8 × 6, ಅದೂ 48.

ಆ 8ನ್ನು ಕಳೆಯಲು ಒಂದು ನಿಯಮ ಹಾಕಿಕೊಳ್ಳೋಣ. 5ರಂತೆ ನಾಲ್ಕರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯಗಳನ್ನು ಮಾತ್ರ ತೆಗೆದುಕೊಂಡು, ಮೊದಲ ಸ್ಥಾನದಲ್ಲಿ ಧನ ಬೆಸ ಸಂಖ್ಯೆ, ಉಳಿದ ಮೂರರಲ್ಲಿ ಸಮ ಸಂಖ್ಯೆಗಳು ಇರಲಿ ಎನ್ನೋಣ. ಆಗ 5ಕ್ಕೆ ಉಳಿಯುವುದು ಆರೇ ಆರು: ಮೊದಲ ಸ್ಥಾನದಲ್ಲಿ 1, ಉಳಿದ ಮೂರರಲ್ಲಿ ಯಾವುದಾದರೂ ಒಂದರಲ್ಲಿ ಧನ 2 ಅಥವಾ ಋಣ 2. ಹದಿಮೂರಕ್ಕೆ 14 ಸಿಗುತ್ತವೆ: ಮೊದಲು 3 ಇದ್ದರೆ 6 ವಿಧ, ಮೊದಲು 1 ಇದ್ದರೆ ಉಳಿದ ಮೂರೂ 2 ಅಥವಾ ಋಣ 2 ಆಗಿ 8 ವಿಧ. ಅವಿಭಾಜ್ಯಕ್ಕಿಂತ ಸರಿಯಾಗಿ ಒಂದು ಹೆಚ್ಚು. ಈ ಆರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

3. ಹದಿನಾರನೆಯ ಅಧ್ಯಾಯ

ಥೀಟಾ ಫಲನವನ್ನು ತಮ್ಮದೇ ದಾರಿಯಲ್ಲಿ ಕಂಡುಕೊಂಡವರು ಶ್ರೀನಿವಾಸ ರಾಮಾನುಜನ್. ಎರಡು ಚಲಾಕ್ಷರಗಳಿರುವ ಒಂದು ಸಾಮಾನ್ಯ ಥೀಟಾ ಫಲನವನ್ನು ಅವರು ತಮ್ಮ ಎರಡನೆಯ ನೋಟ್‌ಬುಕ್ಕಿನ 16ನೆಯ ಅಧ್ಯಾಯದಲ್ಲಿ ಬಳಸಿದ್ದಾರೆ. ಎರಡೂ ಚಲಾಕ್ಷರಗಳನ್ನು ಒಂದೇ ಮಾಡಿದರೆ ಮೇಲೆ ಬರೆದ ಶ್ರೇಣಿ ದೊರೆಯುತ್ತದೆ. ನೋಟ್‌ಬುಕ್ಕಿನಲ್ಲಿ ಫಲಿತಾಂಶಗಳಿವೆ, ಸಾಧನೆಗಳು ವಿರಳ. ಅವುಗಳನ್ನು ಒಂದೊಂದಾಗಿ ಸಾಧಿಸುವ ಹೊಣೆ ಮುಂದಿನವರ ಮೇಲೆ ಬಿತ್ತು.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಬ್ರೂಸ್ ಬರ್ಂಟ್ ಈ ಹೊಣೆಯನ್ನು ಜೀವನದ ಕೆಲಸವಾಗಿ ತೆಗೆದುಕೊಂಡರು. 16ನೆಯ ಅಧ್ಯಾಯದ ಪಾಲಿಗೆ ಅವರ ಜೊತೆಗೂಡಿದವರು ಮೈಸೂರು ವಿಶ್ವವಿದ್ಯಾಲಯದ ಎಸ್. ಭಾರ್ಗವ ಮತ್ತು ಚಂದ್ರಶೇಖರ ಅಡಿಗ. 1985ರಲ್ಲಿ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿ ಪ್ರಕಟಿಸಿದ ಆ ಕೃತಿಯಲ್ಲಿ ನಾಲ್ಕನೆಯ ಹೆಸರು ಜಿ. ಎನ್. ವಾಟ್ಸನ್ ಅವರದು. ನೋಟ್‌ಬುಕ್ಕುಗಳ ಮೇಲೆ ಬಹುಕಾಲ ದುಡಿದು 1965ರಲ್ಲಿ ತೀರಿಕೊಂಡ ಹಿರಿಯರ ಹೆಸರನ್ನು ಗೌರವದಿಂದ ಉಳಿಸಿಕೊಂಡ ಕೃತಿ ಅದು. ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿ ಕುಳಿತು ಮಾಡಿದ ಕೆಲಸ ಹೀಗೆ ರಾಮಾನುಜನ್ ಅಧ್ಯಯನದ ಮೂಲ ಗ್ರಂಥಗಳಲ್ಲಿ ಒಂದಾಯಿತು. 1995ರಲ್ಲಿ ಭಾರ್ಗವ ಅವರು ಬರ್ಂಟ್ ಮತ್ತು ಫ್ರಾಂಕ್ ಗಾರ್ವನ್ ಅವರೊಡನೆ, ರಾಮಾನುಜನ್ ಕೆಲವೇ ಪುಟಗಳಲ್ಲಿ ಸೂಚಿಸಿ ಬಿಟ್ಟಿದ್ದ ದೀರ್ಘವೃತ್ತೀಯ ಫಲನಗಳ ಪರ್ಯಾಯ ಸಿದ್ಧಾಂತಗಳನ್ನು ಬೆಳೆಸಿ ತೋರಿಸಿದರು.

ಇವರಿಗಿಂತ ಹಿರಿಯರು ಕೆ. ವೆಂಕಟಾಚಲಯ್ಯಂಗಾರ್. ದೀರ್ಘವೃತ್ತೀಯ ಫಲನಗಳ ಇಡೀ ಸಿದ್ಧಾಂತವನ್ನು ರಾಮಾನುಜನ್ ಅವರ ದಾರಿಯಿಂದಲೇ ಕಟ್ಟಬಹುದು ಎಂದು ತೋರಿಸಿದ ಅವರ ಪುಸ್ತಕವನ್ನು 1988ರಲ್ಲಿ ಮಧುರೈ ಕಾಮರಾಜ್ ವಿಶ್ವವಿದ್ಯಾಲಯ ಪ್ರಕಟಿಸಿತು. ನ್ಯೂಜಿಲೆಂಡಿನ ಶಾನ್ ಕೂಪರ್ ಅದನ್ನು ಪರಿಷ್ಕರಿಸಿ 2012ರಲ್ಲಿ ಮತ್ತೆ ಹೊರತಂದರು.

ಅದೇ 1988ರಲ್ಲಿ ಭಾರ್ಗವ ಮತ್ತು ಅಡಿಗರು ನಾಲ್ಕು ಪುಟಗಳ ಒಂದು ಲೇಖನ ಪ್ರಕಟಿಸಿದರು. ಯಾಕೋಬಿಯವರ ಎರಡು ವರ್ಗಗಳ ಮತ್ತು ನಾಲ್ಕು ವರ್ಗಗಳ ಪ್ರಮೇಯಗಳಿಗೆ ಸರಳ ಸಾಧನೆಗಳು ಅದರಲ್ಲಿದ್ದವು. ಪ್ರಕಟವಾದದ್ದು ಗಣಿತ ಬೋಧನೆಗೆ ಮೀಸಲಾದ ಪತ್ರಿಕೆಯಲ್ಲಿ. ದೊಡ್ಡ ಪ್ರಮೇಯವನ್ನು ತರಗತಿಗೆ ತರುವ ಕಾಳಜಿ ಅಲ್ಲಿ ಕಾಣುತ್ತದೆ. 1988 ಎಂಬ ಇಸವಿಗೆ ಮತ್ತೆ ಬರುತ್ತೇನೆ.

4. ಒಳ್ಳೆಯ ಜಾಲ ಎಂದರೇನು

ಈಗ ಗ್ರಾಫ್‌ಗಳ ಕಡೆಗೆ. ಹತ್ತು ಊರುಗಳಿವೆ. ಪ್ರತಿ ಊರಿನಿಂದ ಮೂರೇ ರಸ್ತೆಗಳನ್ನು ಹಾಕಲು ಹಣವಿದೆ. ಒಟ್ಟು 15 ರಸ್ತೆ. ಯಾವ ಊರಿನಿಂದ ಯಾವ ಊರಿಗಾದರೂ ಬೇಗ ತಲಪುವಂತೆ ಹೇಗೆ ಜೋಡಿಸುವುದು? ಡೆನ್ಮಾರ್ಕಿನ ಜೂಲಿಯಸ್ ಪೀಟರ್ಸನ್ 1898ರಲ್ಲಿ ಬಳಸಿದ, ಅವರ ಹೆಸರಿನಿಂದಲೇ ಪ್ರಸಿದ್ಧವಾದ ಗ್ರಾಫ್ ಇದಕ್ಕೆ ಅತ್ಯುತ್ತಮ ಉತ್ತರ. ಅದರಲ್ಲಿ ಎರಡು ರಸ್ತೆ ದಾಟಿದರೆ ಯಾವ ಊರನ್ನಾದರೂ ಸೇರಬಹುದು. ಒಂದು ಊರಿನಿಂದ ಹೊರಟರೆ ಮೊದಲ ಹೆಜ್ಜೆಗೆ 3 ಊರು, ಎರಡನೆಯದಕ್ಕೆ ಇನ್ನೂ 6, ಹೊರಟ ಊರು ಸೇರಿ 10. ಇದಕ್ಕಿಂತ ಚೆನ್ನಾಗಿ ಮಾಡಲು ಸಾಧ್ಯವೇ ಇಲ್ಲ.

ಊರುಗಳು ಹತ್ತಲ್ಲ, ಹತ್ತು ಸಾವಿರ ಆದರೆ? ಆಗ ಚಿತ್ರ ಬರೆದು ನೋಡುವುದು ಸಾಗದು. ಗಣಿತಜ್ಞರು ಗ್ರಾಫನ್ನು ಒಂದು ಮಾತೃಕೆಯಾಗಿ ಬರೆಯುತ್ತಾರೆ. ಎರಡು ಬಿಂದುಗಳ ನಡುವೆ ಗೆರೆ ಇದ್ದರೆ 1, ಇಲ್ಲದಿದ್ದರೆ 0. ಆ ಮಾತೃಕೆಯ ಐಗನ್ ಮೌಲ್ಯಗಳು ಜಾಲದ ಗುಣವನ್ನು ಹೇಳುತ್ತವೆ. ಪ್ರತಿ ಬಿಂದುವಿನಿಂದ 3 ಗೆರೆ ಹೊರಡುವ ಗ್ರಾಫಿನಲ್ಲಿ ಅತಿ ದೊಡ್ಡ ಮೌಲ್ಯ 3 ಆಗಿಯೇ ಇರುತ್ತದೆ. ಉಳಿದವು ಎಷ್ಟು ಚಿಕ್ಕವಾಗಿದ್ದರೆ ಜಾಲ ಅಷ್ಟು ಬಿಗಿ. ಅದರ ಮೇಲೆ ಗೊತ್ತುಗುರಿಯಿಲ್ಲದೆ ಅಲೆಯುವವನು ಅಷ್ಟು ಬೇಗ ಎಲ್ಲ ಬಿಂದುಗಳಲ್ಲೂ ಸಮನಾಗಿ ಹರಡಿಕೊಳ್ಳುತ್ತಾನೆ, ಕೆಲವು ಗೆರೆಗಳನ್ನು ಕಿತ್ತು ಜಾಲವನ್ನು ಎರಡು ದೊಡ್ಡ ತುಂಡು ಮಾಡುವುದು ಅಷ್ಟು ಕಷ್ಟವಾಗುತ್ತದೆ. ಪೀಟರ್ಸನ್ ಗ್ರಾಫಿನಲ್ಲಿ 3ನ್ನು ಬಿಟ್ಟರೆ ಉಳಿಯುವ ಮೌಲ್ಯಗಳು ಐದು ಬಾರಿ 1, ನಾಲ್ಕು ಬಾರಿ ಋಣ 2.

ಈ ಚಿಕ್ಕದಾಗುವಿಕೆಗೆ ಒಂದು ಮಿತಿ ಇದೆ ಎಂದು ತೋರಿಸಿದವರು ನೋಗಾ ಅಲೋನ್ ಮತ್ತು ರವಿ ಬೊಪ್ಪಣ. ಪ್ರತಿ ಬಿಂದುವಿಗೆ ಇಂತಿಷ್ಟು ಗೆರೆ ಎಂದು ನಿಗದಿ ಮಾಡಿ ಬಿಂದುಗಳನ್ನು ಹೆಚ್ಚಿಸುತ್ತ ಹೋದರೆ, ಎರಡನೆಯ ಮೌಲ್ಯ ಒಂದು ಗಡಿಯ ಕೆಳಗೆ ನಿಲ್ಲಲಾರದು. ಗೆರೆಗಳ ಸಂಖ್ಯೆಯಿಂದ ಒಂದು ಕಳೆದು, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿದರೆ ಆ ಗಡಿ. ಮೂರು ಗೆರೆಗಳಿಗೆ ಅದು 2√2, ಸುಮಾರು 2.83. ಆರು ಗೆರೆಗಳಿಗೆ 2√5, ಸುಮಾರು 4.47. ತುದಿಯ ಮೌಲ್ಯಗಳನ್ನು ಬಿಟ್ಟು ಉಳಿದೆಲ್ಲವೂ ಈ ಗಡಿಯೊಳಗೇ ಇರುವ ಗ್ರಾಫ್‌ಗಳಿಗೆ ಒಂದು ಹೆಸರಿದೆ: ರಾಮಾನುಜನ್ ಗ್ರಾಫ್‌ಗಳು. ಗ್ರಾಫ್‌ಗಳ ಬಗ್ಗೆ ಏನನ್ನೂ ಬರೆಯದ ರಾಮಾನುಜನ್ ಅವರ ಹೆಸರು ಇಲ್ಲಿಗೆ ಹೇಗೆ ಬಂತು?

5. 1988

ಅಲೆಕ್ಸಾಂಡರ್ ಲುಬೊಟ್ಸ್ಕಿ, ರಾಲ್ಫ್ ಫಿಲಿಪ್ಸ್, ಪೀಟರ್ ಸಾರ್ನಾಕ್ ಮೂವರು ಸೇರಿ 1988ರಲ್ಲಿ ‘ಕಾಂಬಿನಟೋರಿಕಾ’ ಪತ್ರಿಕೆಯಲ್ಲಿ ಬರೆದ ಲೇಖನದ ಹೆಸರೇ ರಾಮಾನುಜನ್ ಗ್ರಾಫ್‌ಗಳು. ಸೋವಿಯತ್ ಒಕ್ಕೂಟದಲ್ಲಿ ಗ್ರಿಗರಿ ಮಾರ್ಗುಲಿಸ್ ಅದೇ ಕಾಲಕ್ಕೆ ಸ್ವತಂತ್ರವಾಗಿ ಇದನ್ನು ಕಂಡುಕೊಂಡಿದ್ದರು. ಅವರು ಗೆರೆಗಳನ್ನು ಎಲ್ಲಿಂದ ತಂದರು ಎಂಬುದೇ ನಮ್ಮ ಕಥೆಯ ನಡುಗಂಬ.

ಮೇಲೆ 5ಕ್ಕೆ ಎಣಿಸಿದ, ನಾಲ್ಕು ಸಂಖ್ಯೆಗಳ ಆ ಆರು ಗುಂಪುಗಳನ್ನು ನೆನಪಿಸಿಕೊಳ್ಳಿ. ನಾಲ್ಕು ಸಂಖ್ಯೆಗಳ ಗುಂಪೊಂದನ್ನು ಹ್ಯಾಮಿಲ್ಟನ್ 1843ರಲ್ಲಿ ಕಂಡುಕೊಂಡ ಕ್ವಾಟರ್ನಿಯನ್ ಎಂಬ ಸಂಖ್ಯೆಯಾಗಿ ಓದಬಹುದು, ಅಂಥ ಎರಡನ್ನು ಗುಣಿಸಬಹುದು. ಈಗ 29ನ್ನು ಇನ್ನೊಂದು ಅವಿಭಾಜ್ಯವಾಗಿ ಆರಿಸಿ, ಎಲ್ಲ ಲೆಕ್ಕವನ್ನೂ 29ರಿಂದ ಭಾಗಿಸಿ ಬರುವ ಶೇಷಗಳಲ್ಲೇ ಮಾಡಿ; ಒಂದು ಗುಂಪಿನ ನಾಲ್ಕೂ ಸಂಖ್ಯೆಗಳನ್ನು ಒಂದೇ ಸಂಖ್ಯೆಯಿಂದ ಗುಣಿಸಿದಾಗ ಇನ್ನೊಂದು ಬಂದರೆ ಎರಡನ್ನೂ ಒಂದೇ ಎಂದು ಎಣಿಸಿ. ಆಗ ಗುಣಿಸುತ್ತ ಹೋದರೂ ತಲಪಬಹುದಾದ ನೆಲೆಗಳು ಎಣಿಕೆಗೆ ಸಿಗುತ್ತವೆ: 12,180. ಇವೇ ಬಿಂದುಗಳು. ಒಂದು ಬಿಂದುವನ್ನು ಆ ಆರು ಕ್ವಾಟರ್ನಿಯನ್‌ಗಳಿಂದ ಒಂದೊಂದಾಗಿ ಗುಣಿಸಿದರೆ ತಲಪುವ ಆರು ಬಿಂದುಗಳೇ ಅದರ ನೆರೆಯವು. ಧನ 2 ಇರುವ ಗುಂಪು ಒಂದು ಹೆಜ್ಜೆ ಮುಂದೆ ಒಯ್ದರೆ ಋಣ 2 ಇರುವ ಗುಂಪು ಅದೇ ದಾರಿಯಲ್ಲಿ ಹಿಂದಕ್ಕೆ ತರುತ್ತದೆ. ಆದ್ದರಿಂದ ದಾರಿಗಳು ಎರಡೂ ಕಡೆಗೆ ತೆರೆದಿರುತ್ತವೆ.

ಫಲವಾಗಿ 12,180 ಬಿಂದುಗಳ, 36,540 ಗೆರೆಗಳ ಜಾಲ ನಮ್ಮೆದುರು ನಿಲ್ಲುತ್ತದೆ. ಎಲ್ಲ ಬಿಂದುಗಳನ್ನೂ ನೇರವಾಗಿ ಕೂಡಿಸಬೇಕಿದ್ದರೆ 7 ಕೋಟಿ 41 ಲಕ್ಷಕ್ಕೂ ಹೆಚ್ಚು ಗೆರೆ ಬೇಕಾಗುತ್ತಿತ್ತು. ಇಷ್ಟು ಕಡಿಮೆ ಗೆರೆಗಳಿದ್ದರೂ ಜಾಲದ ಬಿಗಿ ಗರಿಷ್ಠ. 29ರ ಜಾಗದಲ್ಲಿ ದೊಡ್ಡ ದೊಡ್ಡ ಅವಿಭಾಜ್ಯಗಳನ್ನು ಇರಿಸುತ್ತ ಹೋದರೆ ಜಾಲ ಬೆಳೆಯುತ್ತದೆ, ಪ್ರತಿ ಬಿಂದುವಿಗೆ ಆರೇ ಗೆರೆ ಎಂಬುದು ಬದಲಾಗುವುದಿಲ್ಲ. ಆ ಆರನ್ನು ಕೊಟ್ಟದ್ದು ಯಾಕೋಬಿಯವರ ಪ್ರಮೇಯ, ಅಂದರೆ ಥೀಟಾ ಫಲನದ ನಾಲ್ಕನೇ ಘಾತ.

ಮೈಸೂರಿನಲ್ಲಿ ಇಬ್ಬರು ಅಧ್ಯಾಪಕರು ನಾಲ್ಕು ವರ್ಗಗಳ ಪ್ರಮೇಯಕ್ಕೆ ಸರಳ ಸಾಧನೆ ಕೊಟ್ಟು ಪ್ರಕಟಿಸಿದ ವರ್ಷ, ಪ್ರಪಂಚದ ಇನ್ನೊಂದು ಕಡೆ ಅದೇ ಪ್ರಮೇಯವನ್ನು ಅಡಿಪಾಯವಾಗಿಸಿ ಹೊಸ ಬಗೆಯ ಗ್ರಾಫ್‌ಗಳನ್ನು ಕಟ್ಟಿದ ವರ್ಷವೂ ಹೌದು. ಎರಡೂ ಲೇಖನಗಳು ಬೇರೆ ಬೇರೆ ಪತ್ರಿಕೆಗಳಲ್ಲಿ, ಬೇರೆ ಬೇರೆ ಓದುಗರಿಗಾಗಿ ಬಂದವು. ಒಂದು ವಿಶೇಷ ಫಲನಗಳ ಕಪಾಟಿಗೆ ಹೋಯಿತು, ಇನ್ನೊಂದು ಗ್ರಾಫ್‌ಗಳ ಕಪಾಟಿಗೆ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ಓದುವ ವಿದ್ಯಾರ್ಥಿಗೆ ಸಿಗುವ ಬೆಳಕು ಬೇರೆಯೇ ಆಗಿರುತ್ತದೆ.

6. ಉಳಿಕೆಯನ್ನು ಅಳೆಯುವುದು

ಜಾಲ ಕಟ್ಟಿದ್ದಾಯಿತು. ಅದರ ಐಗನ್ ಮೌಲ್ಯಗಳು ಗಡಿಯೊಳಗೇ ಇವೆ ಎಂದು ಸಾಧಿಸಬೇಕು. ಇಲ್ಲಿಯೇ ರಾಮಾನುಜನ್ ಬರುತ್ತಾರೆ.

1916ರಲ್ಲಿ ಅವರು ಕೆಲವು ಅಂಕಗಣಿತೀಯ ಫಲನಗಳನ್ನು ಕುರಿತು ಬರೆದ ಲೇಖನದಲ್ಲಿ ಒಂದು ಸಂಖ್ಯೆಯನ್ನು 24 ವರ್ಗಗಳ ಮೊತ್ತವಾಗಿ ಎಷ್ಟು ವಿಧದಲ್ಲಿ ಬರೆಯಬಹುದು ಎಂಬ ಪ್ರಶ್ನೆಯೂ ಇದೆ. ಉತ್ತರದಲ್ಲಿ ಎರಡು ಭಾಗ. ಒಂದು ಮುಖ್ಯ ಭಾಗ, ಅದು ಭಾಜಕಗಳಿಂದ ಸುಲಭವಾಗಿ ಸಿಗುತ್ತದೆ. ಇನ್ನೊಂದು ಉಳಿಕೆ. ಆ ಉಳಿಕೆಯನ್ನು ಆಳುವ ಸಂಖ್ಯೆಗಳನ್ನು ಅವರು ‘ಟೌ’ ಎಂಬ ಗ್ರೀಕ್ ಅಕ್ಷರದಿಂದ ಗುರುತಿಸಿದರು. ಅವುಗಳ ಪಟ್ಟಿ 1, ಋಣ 24, 252, ಋಣ 1472, 4830, ಋಣ 6048 ಎಂದು ಸಾಗುತ್ತದೆ. ಎರಡನೆಯದನ್ನೂ ಮೂರನೆಯದನ್ನೂ ಗುಣಿಸಿದರೆ ಆರನೆಯದು ಬರುತ್ತದೆ. ಇದು ಆಕಸ್ಮಿಕವಲ್ಲ ಎಂದು ರಾಮಾನುಜನ್ ಊಹಿಸಿದರು, ಮರುವರ್ಷವೇ ಮೋರ್ಡೆಲ್ ಸಾಧಿಸಿದರು. ಇನ್ನೊಂದು ಊಹೆ ಈ ಸಂಖ್ಯೆಗಳ ಗಾತ್ರವನ್ನು ಕುರಿತದ್ದು. ಉಳಿಕೆ ಒಂದು ಖಚಿತ ಮಿತಿಯನ್ನು ಮೀರದು ಎಂದು ಅವರು ಹೇಳಿದರು. ಅದನ್ನು ಸಾಧಿಸಲು 1974ರ ವರೆಗೆ, ಪಿಯರ್ ದೆಲಿನ್ಯ್ ಬರುವ ವರೆಗೆ, ಕಾಯಬೇಕಾಯಿತು.

ಗ್ರಾಫಿನಲ್ಲಿಯೂ ನಡೆಯುವುದು ಇದೇ. ಒಂದು ಬಿಂದುವಿನಿಂದ ಹೊರಟು ಇಂತಿಷ್ಟು ಹೆಜ್ಜೆಗಳಲ್ಲಿ ಅಲ್ಲಿಗೇ ಮರಳುವ ದಾರಿಗಳನ್ನು ಎಣಿಸುವುದೆಂದರೆ, 5ರ ಒಂದು ಘಾತವನ್ನು ನಿರ್ದಿಷ್ಟ ನಿಯಮಕ್ಕೆ ಒಳಪಟ್ಟ ನಾಲ್ಕು ವರ್ಗಗಳ ಮೊತ್ತವಾಗಿ ಬರೆಯುವ ವಿಧಗಳನ್ನು ಎಣಿಸುವುದೇ. ಆ ಎಣಿಕೆ ಮತ್ತೊಂದು ಥೀಟಾ ಶ್ರೇಣಿಯ ಸಹಗುಣಕ. ಅದರಲ್ಲಿಯೂ ಒಂದು ಮುಖ್ಯ ಭಾಗ, ಒಂದು ಉಳಿಕೆ. ಉಳಿಕೆ ಚಿಕ್ಕದು ಎಂದರೆ ಐಗನ್ ಮೌಲ್ಯಗಳು ಗಡಿಯೊಳಗಿವೆ ಎಂದರ್ಥ. ಇಲ್ಲಿ ಬೇಕಾದದ್ದು ರಾಮಾನುಜನ್ ಊಹೆಯ ಸೋದರ ರೂಪ, ಅದನ್ನು 1950ರ ದಶಕದಲ್ಲೇ ಮಾರ್ಟಿನ್ ಐಕ್ಲರ್ ಸಾಧಿಸಿದ್ದರು. ಹೀಗೆ ಥೀಟಾ ಫಲನ ಎರಡು ಬಾರಿ ಕೆಲಸಕ್ಕೆ ಬಂತು. ಗೆರೆಗಳನ್ನು ಎಳೆದದ್ದೂ ಅದೇ, ಅವು ಚೆನ್ನಾಗಿ ಎಳೆದ ಗೆರೆಗಳೆಂದು ಸಾಕ್ಷಿ ಹೇಳಿದ್ದೂ ಅದೇ. 24 ವರ್ಗಗಳ ಉಳಿಕೆಯನ್ನು ಅಳೆಯಲು ಹೊರಟ 1916ರ ಊಹೆ, ತಪ್ಪುಗಳನ್ನು ತಾನೇ ತಿದ್ದಿಕೊಳ್ಳುವ ಸಂಕೇತಗಳ ರಚನೆಗೂ ಗುಪ್ತಲಿಪಿಗೂ ಬೇಕಾದ ಜಾಲಗಳಿಗೆ ಬುನಾದಿ ಆಯಿತು.

7. ಇನ್ನೊಂದು ದಾರಿ

ಈ ವಿಧಾನ ಅವಿಭಾಜ್ಯಕ್ಕೆ ಒಂದು ಕೂಡಿಸಿದ ಸಂಖ್ಯೆಗಳಿಗೆ ಮಾತ್ರ ನಡೆಯುತ್ತದೆ. 1994ರಲ್ಲಿ ಮಾರ್ಗನ್‌ಸ್ಟರ್ನ್ ಅದನ್ನು ಅವಿಭಾಜ್ಯಗಳ ಘಾತಗಳಿಗೆ ವಿಸ್ತರಿಸಿದರು. ಆದರೆ ಪ್ರತಿ ಬಿಂದುವಿಗೆ 7 ಗೆರೆ ಬೇಕೆಂದರೆ? 7ರಿಂದ ಒಂದು ಕಳೆದರೆ 6, ಅದು ಅವಿಭಾಜ್ಯವೂ ಅಲ್ಲ, ಅವಿಭಾಜ್ಯದ ಘಾತವೂ ಅಲ್ಲ. ಇಲ್ಲಿ ದಾರಿ ತೋರಿಸಿದ್ದು ವಿಶೇಷ ಫಲನಗಳ ಮತ್ತೊಂದು ಮನೆ.

ನಾಲ್ವರು ಆಟಗಾರರಿದ್ದಾರೆ ಎಂದುಕೊಳ್ಳಿ, ಯಾರು ಯಾರ ಜೊತೆಗಾದರೂ ಜೋಡಿಯಾಗಬಹುದು. ಒಂದು ಜೋಡಿಯನ್ನು ಆರಿಸಲು 6 ವಿಧ, ಎಲ್ಲರನ್ನೂ ಎರಡು ಜೋಡಿಗಳಾಗಿ ಒಡೆಯಲು 3 ವಿಧ. ಈ ಎಣಿಕೆಗಳನ್ನು ಸಹಗುಣಕಗಳಾಗಿಸಿ, ಚಿಹ್ನೆಗಳನ್ನು ಒಂದು ಬಿಟ್ಟು ಒಂದರಂತೆ ಬದಲಿಸಿ ಬಹುಪದೋಕ್ತಿ ಬರೆದರೆ ಹೀಗಿರುತ್ತದೆ:

ಕ⁴ − 6ಕ² + 3

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಪರಿಚಿತ. ಇದು ನಾಲ್ಕನೆಯ ಹರ್ಮೀಟ್ ಬಹುಪದೋಕ್ತಿ. ಕ್ವಾಂಟಮ್ ಆಂದೋಲಕದ ಪಾಠದಲ್ಲಿ ಬರುವ ಅದೇ ಹರ್ಮೀಟ್ ಕುಟುಂಬ. ಬಿಂದುಗಳೆಲ್ಲ ಪರಸ್ಪರ ಕೂಡಿರುವ ಪೂರ್ಣ ಗ್ರಾಫ್‌ಗಳ ಜೋಡಿ ಎಣಿಕೆ ಹರ್ಮೀಟ್ ಬಹುಪದೋಕ್ತಿಗಳನ್ನು ಕೊಡುತ್ತದೆ. ಎರಡು ಸಮಾನ ಪಾಳಯಗಳ ನಡುವೆ ಎಲ್ಲ ಗೆರೆಗಳೂ ಇರುವ ಗ್ರಾಫ್‌ಗಳು ಲಗೇರ್ ಬಹುಪದೋಕ್ತಿಗಳನ್ನು, ಸಾಲಾಗಿ ಪೋಣಿಸಿದ ಬಿಂದುಗಳು ಮತ್ತು ಬಳೆಯಾಕಾರದ ಬಿಂದುಗಳು ಚೆಬಿಶೆವ್ ಬಹುಪದೋಕ್ತಿಗಳನ್ನು ಕೊಡುತ್ತವೆ. ಪಠ್ಯಪುಸ್ತಕದಲ್ಲಿ ಅವಕಲ ಸಮೀಕರಣಗಳ ಪರಿಹಾರಗಳಾಗಿ ಪರಿಚಯವಾದವರೆಲ್ಲ ಇಲ್ಲಿ ಜೋಡಿಗಳನ್ನು ಎಣಿಸುತ್ತ ಕುಳಿತಿದ್ದಾರೆ.

1972ರಲ್ಲಿ ಓಲೆ ಹೈಲ್‌ಮನ್ ಮತ್ತು ಎಲಿಯಟ್ ಲೀಬ್ ಎಂಬ ಭೌತವಿಜ್ಞಾನಿಗಳು, ಯಾವ ಗ್ರಾಫಿನ ಜೋಡಿ ಬಹುಪದೋಕ್ತಿಯ ಮೂಲಗಳೂ ವಾಸ್ತವ ಸಂಖ್ಯೆಗಳೇ ಎಂದೂ, ಅವು ಒಂದು ಗಡಿಯೊಳಗೆ ಇರುತ್ತವೆ ಎಂದೂ ಸಾಧಿಸಿದರು. ಆ ಗಡಿ ಯಾವುದು? ಒಂದು ಬಿಂದುವಿಗೆ ಇರುವ ಅತಿ ಹೆಚ್ಚು ಗೆರೆಗಳ ಸಂಖ್ಯೆಯಿಂದ ಒಂದು ಕಳೆದು, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿದ್ದು. ರಾಮಾನುಜನ್ ಗ್ರಾಫ್‌ಗಳ ಗಡಿಯೇ! ಗೆರೆಗಳಿಗೆ ಮನಬಂದಂತೆ ಧನ, ಋಣ ಚಿಹ್ನೆ ಕೊಟ್ಟು, ಆಗ ಬರುವ ಐಗನ್ ಮೌಲ್ಯಗಳನ್ನು ಮೂಲಗಳಾಗಿ ಉಳ್ಳ ಬಹುಪದೋಕ್ತಿಗಳ ಸರಾಸರಿ ತೆಗೆದರೆ ಜೋಡಿ ಬಹುಪದೋಕ್ತಿ ಬರುತ್ತದೆ ಎಂದು 1981ರಲ್ಲಿ ಕ್ರಿಸ್ ಗಾಡ್ಸಿಲ್ ಮತ್ತು ಐವನ್ ಗುಟ್ಮನ್ ತೋರಿಸಿದ್ದರು. ಈ ಎರಡು ಹಳೆಯ ಫಲಿತಾಂಶಗಳನ್ನು ಕೂಡಿಸಿ, ನಡುವೆ ಬೇಕಿದ್ದ ಹೊಸ ವಾದವನ್ನು ತಾವೇ ಕಟ್ಟಿ, 2013ರಲ್ಲಿ ಆಡಮ್ ಮಾರ್ಕಸ್, ಡೇನಿಯಲ್ ಸ್ಪೀಲ್‌ಮನ್, ನಿಖಿಲ್ ಶ್ರೀವಾಸ್ತವ ಎಷ್ಟು ಗೆರೆ ಬೇಕೆಂದರೂ ಎರಡು ಪಾಳಯಗಳ ರಾಮಾನುಜನ್ ಗ್ರಾಫ್‌ಗಳು ಅನಂತವಾಗಿ ಇವೆ ಎಂದು ಸಾಧಿಸಿದರು. ಏಳು ಗೆರೆಗಳ ಪ್ರಶ್ನೆಗೂ ಅಲ್ಲಿ ಉತ್ತರ ಸಿಕ್ಕಿತು. ನಲವತ್ತು ವರ್ಷ ಭೌತವಿಜ್ಞಾನದ ಪತ್ರಿಕೆಗಳಲ್ಲಿ, ರಸಾಯನವಿಜ್ಞಾನಕ್ಕೆ ಹತ್ತಿರದ ಗ್ರಾಫ್ ಸಿದ್ಧಾಂತದಲ್ಲಿ ಬೇರೆ ಬೇರೆಯಾಗಿದ್ದ ಮಾತುಗಳನ್ನು ಒಟ್ಟಿಗೆ ಕೇಳಿಸಿಕೊಂಡ ಕಿವಿಗಳು ಮಾಡಿದ ಕೆಲಸ ಇದು.

8. ನಮ್ಮ ನಾಡಿನ ಗ್ರಾಫ್‌ಗಳು

ಗುಟ್ಮನ್ ಅವರ ಹೆಸರು ಕರ್ನಾಟಕದ ಗ್ರಾಫ್ ಸಿದ್ಧಾಂತಿಗಳಿಗೆ ಚಿರಪರಿಚಿತ. ಗ್ರಾಫಿನ ಐಗನ್ ಮೌಲ್ಯಗಳ ಋಣ ಚಿಹ್ನೆ ಬಿಟ್ಟು ಎಲ್ಲವನ್ನೂ ಕೂಡಿಸಿದ ಮೊತ್ತಕ್ಕೆ ಅವರು 1978ರಲ್ಲಿ ಗ್ರಾಫಿನ ಶಕ್ತಿ ಎಂದು ಹೆಸರಿಟ್ಟರು. ಅದರ ಮೂಲ ರಸಾಯನವಿಜ್ಞಾನದಲ್ಲಿದೆ. ಹತ್ತು ಬಿಂದುಗಳ ಪೂರ್ಣ ಗ್ರಾಫಿನ ಶಕ್ತಿ 18. ಪೀಟರ್ಸನ್ ಗ್ರಾಫಿನದು 16. ಪೀಟರ್ಸನ್‌ನಲ್ಲಿ ಇಲ್ಲದ ಗೆರೆಗಳನ್ನಷ್ಟೇ ಎಳೆದರೆ ಬರುವ ಗ್ರಾಫಿನ ಶಕ್ತಿ 20. ಪೂರ್ಣ ಗ್ರಾಫಿಗಿಂತ ಕಡಿಮೆ ಗೆರೆ, ಆದರೂ ಹೆಚ್ಚು ಶಕ್ತಿ. ಇಂಥ ಗ್ರಾಫ್‌ಗಳ ಒಂದು ಇಡೀ ಕುಟುಂಬವನ್ನು 1999ರಲ್ಲಿ ತೋರಿಸಿಕೊಟ್ಟವರು ಎಚ್. ಬಿ. ವಾಲೀಕಾರ್, ಎಚ್. ಎಸ್. ರಮಣೆ ಮತ್ತು ಪಿ. ಆರ್. ಹಂಪಿಹೊಳಿ.

ಅದಕ್ಕೂ ಮೊದಲು, 1979ರಲ್ಲಿ, ಇ. ಸಂಪತ್‌ಕುಮಾರ್ ಮತ್ತು ವಾಲೀಕಾರ್ ಕೂಡಿ ಹೊಸ ಪರಿಕಲ್ಪನೆಯೊಂದನ್ನು ಮುಂದಿಟ್ಟರು. ಕೆಲವು ಬಿಂದುಗಳನ್ನು ಆರಿಸಬೇಕು. ಉಳಿದ ಪ್ರತಿ ಬಿಂದುವಿಗೂ ಆರಿಸಿದ ಒಂದಾದರೂ ನೆರೆಯದಾಗಿರಬೇಕು, ಆರಿಸಿದವು ತಮ್ಮತಮ್ಮೊಳಗೆ ಕೂಡಿಕೊಂಡಿರಬೇಕು. ಅಂಥ ಅತಿ ಚಿಕ್ಕ ಗುಂಪಿನ ಗಾತ್ರ ಎಷ್ಟು? ಅಂದು ಅದು ಶುದ್ಧ ಗಣಿತದ ಪ್ರಶ್ನೆ. ತಂತಿಯಿಲ್ಲದ ಜಾಲಗಳು ಬಂದ ಮೇಲೆ, ಸಂದೇಶಗಳನ್ನು ದಾಟಿಸಲು ಬೆನ್ನೆಲುಬಿನಂತೆ ಯಾವ ಸಾಧನಗಳನ್ನು ಆರಿಸಬೇಕು ಎಂದು ಕೇಳಿದ ಎಂಜಿನಿಯರುಗಳಿಗೆ ಬೇಕಾದದ್ದು ಸರಿಯಾಗಿ ಇದೇ ಗುಂಪು.

16ನೆಯ ಅಧ್ಯಾಯದ ಚಂದ್ರಶೇಖರ ಅಡಿಗರು ಮುಂದೆ ಗ್ರಾಫ್‌ಗಳ ಶಕ್ತಿಯನ್ನೂ ಕೈಗೆತ್ತಿಕೊಂಡರು. ದಿಕ್ಕುಳ್ಳ ಗ್ರಾಫ್‌ಗಳ ಶಕ್ತಿಯ ಒಂದು ರೂಪವನ್ನು ಆರ್. ಬಾಲಕೃಷ್ಣನ್ ಮತ್ತು ವಾಸಿನ್ ಸೋ ಅವರೊಡನೆ ಸೇರಿ 2010ರಲ್ಲಿ ಪರಿಚಯಿಸಿದರು. ಥೀಟಾ ಫಲನದ ಮೇಲೂ ಗ್ರಾಫಿನ ಮೇಲೂ ಒಂದೇ ಕೈ ಕೆಲಸ ಮಾಡಬಹುದು ಎಂಬುದಕ್ಕೆ ಬೇರೆ ನಿದರ್ಶನ ಹುಡುಕಬೇಕಾಗಿಲ್ಲ.

9. ಸಂಶೋಧನಾ ಉಪನ್ಯಾಸ ಹೇಗಿರಬೇಕು

ಈಗ ನನ್ನ ಕೋರಿಕೆಗೆ ಬರುತ್ತೇನೆ. ಈ ಎರಡೂ ಕ್ಷೇತ್ರಗಳ ಮೇಲೆ ಒಂದು ಆಕ್ಷೇಪವಿದೆ. ಗ್ರಾಫಿನ ಕಡೆಯಿಂದ ಹೊಸ ವ್ಯಾಖ್ಯೆಗಳು, ಹೊಸ ಸೂಚ್ಯಂಕಗಳು ಪುಂಖಾನುಪುಂಖವಾಗಿ ಬರುತ್ತವೆ. ಫಲನಗಳ ಕಡೆಯಿಂದ ಹೊಸ ಸಮೀಕರಣಗಳು ಬರುತ್ತವೆ. ಇವುಗಳಲ್ಲಿ ಎಷ್ಟು ಉಳಿಯುತ್ತವೆ? ಆಕ್ಷೇಪದಲ್ಲಿ ಸತ್ಯಾಂಶವಿದೆ, ಅದನ್ನು ತಳ್ಳಿಹಾಕಬಾರದು. ಆದರೆ ಉಪಯೋಗ ಕಾಣದ ಕೆಲಸವನ್ನು ನಿಲ್ಲಿಸುವುದು ಅದಕ್ಕೆ ಮದ್ದಲ್ಲ. ಹಾಗೆ ನಿಲ್ಲಿಸಿದ್ದರೆ ಟೌ ಸಂಖ್ಯೆಗಳ ಪಟ್ಟಿಯೂ ಇರುತ್ತಿರಲಿಲ್ಲ, 1979ರ ಲೇಖನವೂ ಇರುತ್ತಿರಲಿಲ್ಲ. ಮದ್ದು ಇರುವುದು ನೆರೆಯವರಿಗೆ ಹೇಳುವುದರಲ್ಲಿ. ನನ್ನ ಫಲಿತಾಂಶವನ್ನು ಪಕ್ಕದ ವಿಷಯದವನಿಗೆ ವಿವರಿಸಲು ಹೊರಟಾಗ, ಅದರಲ್ಲಿ ತಿರುಳೆಷ್ಟು, ಹೊಟ್ಟೆಷ್ಟು ಎಂಬುದು ನನಗೇ ಮೊದಲು ಗೊತ್ತಾಗುತ್ತದೆ.

ಆದ್ದರಿಂದ ಮಾತನಾಡಲು ನಿಲ್ಲುವ ತರುಣರಿಗೆ ಹೇಳುತ್ತೇನೆ: ವ್ಯಾಖ್ಯೆಗಳ ಸಾಲಿನಿಂದ ಆರಂಭಿಸಬೇಡಿ. ಕೈಯಲ್ಲಿ ಮಾಡಿ ತೋರಿಸಬಹುದಾದ ಒಂದು ಲೆಕ್ಕದಿಂದ ಆರಂಭಿಸಿ. ಐದನ್ನು 48 ವಿಧದಲ್ಲಿ ಬರೆಯುವುದನ್ನು ತೋರಿಸಿದ ಮೇಲೆ ಥೀಟಾ ಫಲನ ಯಾರಿಗೂ ಅಪರಿಚಿತವಾಗಿ ಉಳಿಯುವುದಿಲ್ಲ. ನಿಮ್ಮ ಸಮೀಕರಣದ ಸಹಗುಣಕಗಳು ಏನನ್ನು ಎಣಿಸುತ್ತವೆ ಎಂದು ಹೇಳಿ, ಗೊತ್ತಿಲ್ಲದಿದ್ದರೆ ಸಭೆಯನ್ನೇ ಕೇಳಿ. ನಿಮ್ಮ ಗ್ರಾಫಿನ ಬಹುಪದೋಕ್ತಿಗೆ ಫಲನಗಳ ಲೋಕದಲ್ಲಿ ಹೆಸರಿದೆಯೆ ಎಂದು ವಿಚಾರಿಸಿ. ಗೋಷ್ಠಿ ಏರ್ಪಡಿಸುವ ಹಿರಿಯರಿಗೆ ನನ್ನ ಸಲಹೆ ಇದು: ಎರಡು ವಿಷಯಗಳ ಉಪನ್ಯಾಸಗಳನ್ನು ಬೇರೆ ದಿನಗಳಿಗೆ ಹಂಚದೆ ಒಂದರ ಬೆನ್ನಿಗೆ ಒಂದು ಇರಿಸಿ. ಪದವಿ ಕಾಲೇಜುಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಕರೆಯಿರಿ. ದಿನಕ್ಕೆ ಒಂದು ಉಪನ್ಯಾಸವಾದರೂ ಕನ್ನಡದಲ್ಲಿರಲಿ. ಅರ್ಥವಾಗದ ಪ್ರಶ್ನೆಯನ್ನು ಹಿಂಜರಿಕೆಯಿಲ್ಲದೆ ಕೇಳುವ ಧೈರ್ಯ ನಮ್ಮ ಮಕ್ಕಳಿಗೆ ಮೊದಲು ಬರುವುದು ತಮ್ಮ ಭಾಷೆಯಲ್ಲಿಯೇ.

ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟು ಮುಗಿಸುತ್ತೇನೆ. ಇಂದು ರಾತ್ರಿ 17ನ್ನು ತೆಗೆದುಕೊಳ್ಳಿ. ಮೊದಲ ಸ್ಥಾನದಲ್ಲಿ ಧನ ಬೆಸ ಸಂಖ್ಯೆ, ಉಳಿದ ಮೂರರಲ್ಲಿ ಸಮ ಸಂಖ್ಯೆಗಳು ಇರುವಂತೆ ನಾಲ್ಕು ವರ್ಗಗಳ ಮೊತ್ತವಾಗಿ ಬರೆಯಿರಿ, ಒಂದನ್ನೂ ಬಿಡದೆ ಪಟ್ಟಿ ಮಾಡಿ. 18 ಸಿಗಬೇಕು. ಸಿಕ್ಕ ಮೇಲೆ ಅವುಗಳನ್ನು ಹೋಗುವ ದಾರಿ, ಬರುವ ದಾರಿ ಎಂದು ಒಂಬತ್ತು ಜೋಡಿಗಳಾಗಿ ವಿಂಗಡಿಸಿ. ಪ್ರತಿ ಬಿಂದುವಿಗೆ 18 ಗೆರೆಗಳಿರುವ ರಾಮಾನುಜನ್ ಗ್ರಾಫನ್ನು ಕಟ್ಟಲು ಬೇಕಾದ ಮೂಲ ಸಾಮಗ್ರಿ ಅಷ್ಟೂ ಆಗ ನಿಮ್ಮ ಪುಸ್ತಕದ ಒಂದು ಹಾಳೆಯಲ್ಲಿರುತ್ತದೆ. ನಾಳೆ ಆ ಹಾಳೆಯನ್ನು ಹಿಡಿದುಕೊಂಡು ನಿಮ್ಮ ಅಧ್ಯಾಪಕರ ಬಳಿ ಹೋಗಿ, ಮುಂದೇನು ಎಂದು ಕೇಳಿ.